ತೌಡು ಕೊಟ್ಟು ಕೊಂಡ ಮಗು

ಹೋದ ತಿಂಗಳು ನಂಜನಗೂಡಿನಿಂದ ಬರುವಾಗ ನಮ್ಮ ಬಸ್ಸು ಅರ್ಧ ದಾರಿಯಲ್ಲಿ ಕೆಟ್ಟು ನಿಂತಿತು. ಎದುರಿಗೇ ಒಂದು ಅಕ್ಕಿ ಗಿರಣಿ. ಗಾಳಿ ಆ ಕಡೆಯಿಂದ ಬೀಸಿದ್ದೇ ತಡ, ಹೊಸ ತೌಡಿನ ವಾಸನೆ ಬಸ್ಸಿನೊಳಕ್ಕೆ ನುಗ್ಗಿತು. ಬೆಚ್ಚಗಿನ, ಸ್ವಲ್ಪ ಸಿಹಿಯಾದ, ಮೂಗು ತುರಿಸುವ ವಾಸನೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಕಿಟಕಿಗೆ ಮುಖ ಕೊಟ್ಟು ಕೂತೆ. ಎಪ್ಪತ್ತು ದಾಟಿದ ಮುದುಕಿಯೊಬ್ಬಳು ತೌಡಿನ ವಾಸನೆಗೆ ಕಣ್ಣಲ್ಲಿ ನೀರು ತಂದುಕೊಂಡದ್ದನ್ನು ಕಂಡು ಅವಳು ಏನೆಂದುಕೊಂಡಳೋ ಗೊತ್ತಿಲ್ಲ.

ನಮ್ಮ ಮೈಸೂರು ಸೀಮೆಯಲ್ಲಿ ಹಟ ಮಾಡುವ ಮಕ್ಕಳನ್ನು ರೇಗಿಸಲು ಒಂದು ಮಾತಿದೆ: "ನಿನ್ನ ನಾವು ಹೆತ್ತಿದ್ದಲ್ಲ, ತೌಡು ಕೊಟ್ಟು ತಗೊಂಡಿದ್ದು." ಈ ಮಾತು ಕೇಳಿ ಅಳದೆ ಬೆಳೆದ ಮಗು ನಮ್ಮ ಕಡೆ ಇಲ್ಲ. ನಾನು ಮಾತ್ರ ಅಳುತ್ತಿರಲಿಲ್ಲ. ನನ್ನ ವಿಷಯದಲ್ಲಿ ಅದು ತಮಾಷೆಯಾಗಿರದೆ ನಿಜವಾಗಿ ನಡೆದ ಶಾಸ್ತ್ರವಾಗಿತ್ತು. ಅಮ್ಮ ಅದನ್ನು ಹಬ್ಬದ ಕಥೆಯ ಹಾಗೆ ಹೇಳುತ್ತಿದ್ದಳು, ನಾನು ಹೆಮ್ಮೆಯಿಂದ ಕೇಳುತ್ತಿದ್ದೆ.

ಅಮ್ಮನಿಗೆ ನನಗಿಂತ ಮುಂಚೆ ಹುಟ್ಟಿದ ಕೂಸುಗಳು ಒಂದೂ ಉಳಿದಿರಲಿಲ್ಲ. ಹಾಗಾದ ಮನೆಯಲ್ಲಿ ಮುಂದಿನ ಕೂಸು ಹುಟ್ಟಿದ ಕೂಡಲೇ ಅದನ್ನು ಮೊರದಲ್ಲಿ ಮಲಗಿಸಿ ಬೇರೊಬ್ಬಳಿಗೆ ಮಾರಿಬಿಡುತ್ತಾರೆ. ಎರಡು ಮೂರು ದಿನ ಅದು ಅವಳ ಮಗು. ಆಮೇಲೆ ಮೊರದ ತುಂಬ ತೌಡು ಕೊಟ್ಟು ಕೊಂಡು ತರುತ್ತಾರೆ, ಗುಂಡ, ಕಲ್ಲ, ತಿಪ್ಪಿ ಎಂದು ಕೀಳು ಹೆಸರಿಡುತ್ತಾರೆ. ಹುಡುಕಿಕೊಂಡು ಬಂದ ಜವರಾಯ, ಇದು ಇವರ ಮಗುವಲ್ಲ, ತೌಡಿನ ಬೆಲೆಯ ಮಾಲು ಎಂದು ಹಿಂದಿರುಗಬೇಕು. ಯಮನಿಗೇ ಟೋಪಿ ಹಾಕುವ ಏರ್ಪಾಡು. ನನ್ನ ಹೆಸರು ಗುಂಡಮ್ಮ. ಅಮ್ಮ ಕರೆಯುತ್ತಿದ್ದದ್ದು ತೌಡಮ್ಮ ಎಂದು.

ನನ್ನನ್ನು ಕೊಂಡವಳು ಮರಿಯಕ್ಕ. ಲಷ್ಕರ್ ಮೊಹಲ್ಲಾದ ನಮ್ಮ ವಠಾರದ ಕೊನೆಯ ಕೋಣೆಯಲ್ಲಿದ್ದ ಕ್ರೈಸ್ತ ಹೆಂಗಸು. ಒಂದು ಬಂಗಲೆಯಲ್ಲಿ ಆಯಾ ಕೆಲಸಕ್ಕಿದ್ದವಳು, ಗಂಡ ಪಲ್ಟನ್ನಿನ ಜೊತೆ ಯುದ್ಧಕ್ಕೆ ಹೋಗಿ ವರ್ಷಗಳಾದರೂ ಸುದ್ದಿಯಿರಲಿಲ್ಲ. ಹಾಗಿರುವಾಗ ಅವಳು ಬಸುರಿಯಾದಳು. ವಠಾರ ಬಾಗಿಲು ಹಾಕಿಕೊಂಡಿತು. ಅವಳ ಮನೆ ಮುಂದೆ ಹಾಯುವಾಗ ಹೆಂಗಸರು ಉಗುಳುತ್ತಿದ್ದರಂತೆ. ಗಂಜಿ ಕೊಟ್ಟು ಬರುತ್ತಿದ್ದವಳು ಅಮ್ಮ ಒಬ್ಬಳೇ, ತಾನೂ ತುಂಬಿದ ಬಸುರಿ. ಮರಿಯಕ್ಕನ ಹೆರಿಗೆಯಾದ ಅದೇ ವಾರ ಅಮ್ಮನ ಹೆರಿಗೆಯೂ ಆಯಿತು. ಅಮ್ಮನಿಗೆ ಬಾಣಂತಿ ಜ್ವರ ಏರಿ ಮೈಮೇಲೆ ಜ್ಞಾನವಿರಲಿಲ್ಲ. ಅಪ್ಪನೇ ಕೂಸನ್ನು ಮೊರದಲ್ಲಿಟ್ಟುಕೊಂಡು ಹೋಗಿ ಮರಿಯಕ್ಕನಿಗೆ ಮಾರಿದರು. ಬೇರೆ ದೇವರಿಗೆ ನಡೆದುಕೊಳ್ಳುವವರ ಮನೆಯಲ್ಲಿ ಜವರಾಯ ಹುಡುಕಲಾರ ಎಂದು ಲೆಕ್ಕ. ಆ ದಿನಗಳಲ್ಲೇ ಮರಿಯಕ್ಕನ ಕೂಸು ತೀರಿಕೊಂಡಿತಂತೆ. ಸತ್ತದ್ದೇ ಒಳ್ಳೆಯದಾಯಿತು ಎಂದು ವಠಾರದವರು ಅಂದದ್ದು ಅವಳ ಕಿವಿಗೂ ಬಿತ್ತಂತೆ. ಅಪ್ಪ ತೌಡು ಕೊಟ್ಟು ನನ್ನನ್ನು ತಂದರು, ಅಮ್ಮನ ಜ್ವರ ಇಳಿಯಿತು, ನಾನು ಉಳಿದೆ. ಕಥೆ ಇಷ್ಟು. ಅದನ್ನು ನಾನು ಪಾಠದ ಹಾಗೆ ಒಪ್ಪಿಸಬಲ್ಲವಳಾಗಿದ್ದೆ.

ಈಗ ಹೇಳಹೊರಟಿರುವುದು ಮೂವತ್ತರ ದಶಕದ ಒಂದು ಮಳೆಗಾಲದ ಮಾತು. ಹತ್ತಿರದಲ್ಲೇ ಹೊಸ ಚರ್ಚಿನ ಕಟ್ಟಡ ಏಳುತ್ತಿತ್ತು, ಬೆಳಗಾದರೆ ಕಲ್ಲುಕುಟಿಗರ ಚಾಣದ ಸದ್ದು. ಅಚ್ಚಿನ ಮನೆಯಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದ ಅಪ್ಪ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅಮ್ಮ ಊದುಬತ್ತಿ ಹೊಸೆದು ನನ್ನನ್ನು ಲೋಯರ್ ಸೆಕೆಂಡರಿಯವರೆಗೆ ಓದಿಸಿದ್ದಳು. "ಗಂಡು ನೋಡೋದು ಬುಟ್ಟು ಹುಡುಗೀನ ಓದುಸ್ತಾಳಂತೆ" ಎಂದು ಆಡಿಕೊಂಡವರಿಗೆ ಅವಳು ಉತ್ತರ ಕೊಡುತ್ತಿರಲಿಲ್ಲ. ನಾನು ಪಾಸಾದೆ. ಉಪಾಧ್ಯಾಯಿನಿಯರ ತರಬೇತಿಗೆ ಸೇರಿದರೆ ಮುಂದೆ ಸರ್ಕಾರಿ ಕೆಲಸ, ಅಮ್ಮನ ಕೈಗೆ ಬಿಡುವು. ಬೇಕಾಗಿದ್ದದ್ದು ಒಂದೇ, ವಯಸ್ಸಿಗೆ ಆಧಾರವಾಗಿ ಮುನಿಸಿಪಾಲಿಟಿಯ ಜನನ ಪತ್ರ.

ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ ಅಮ್ಮ ನನ್ನನ್ನು ಕಚೇರಿಯ ಬಾಗಿಲಲ್ಲಿ ಬಿಟ್ಟು, ಬತ್ತಿಯ ಕಟ್ಟುಗಳನ್ನು ಅಂಗಡಿಗೆ ಕೊಡಲು ಮಾರ್ಕೆಟ್ಟಿನ ಕಡೆ ಹೋದಳು. ಒಳಗೆ ಮುದಿ ಗುಮಾಸ್ತರೊಬ್ಬರು ನಶ್ಯ ಏರಿಸಿಕೊಂಡು, ಅಪ್ಪ ಪಂಚಾಂಗದಲ್ಲಿ ಗುರುತು ಹಾಕಿಟ್ಟಿದ್ದ ತಾರೀಖು ಹಿಡಿದು ದೊಡ್ಡ ಪುಸ್ತಕದ ಹಾಳೆ ತಿರುವಿದರು.

"ಸಿಕ್ತು. ತಂದೆ ಸುಬ್ಬಣ್ಣ, ತಾಯಿ ವೆಂಕಮ್ಮ, ಹೆಣ್ಣು ಮಗು. ಪತ್ರ ಯಾರಿಗೆ ಬೇಕಮ್ಮ?"

"ನನಗೇ ಸ್ವಾಮಿ. ಆ ಮಗು ನಾನೇ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಆಮೇಲೆ ಪುಸ್ತಕ ನೋಡಿದರು. ಮತ್ತೆ ನನ್ನನ್ನು ನೋಡಿದರು.

"ಹೆಂಗಮ್ಮ ಕೊಡೋದು? ಈ ಮಗು ಸತ್ತೋಗಿದೆಯಲ್ಲ."

ಬೆಳಿಗ್ಗೆ ತಾನೇ ರಾಗಿ ರೊಟ್ಟಿ ತಿಂದು, ಹೂ ಮುಡಿದು ಬಂದವಳಿಗೆ ನೀನು ಸತ್ತಿದ್ದೀಯೆ ಎಂದರೆ ಏನು ಹೇಳಬೇಕು?

"ಕೆಂಪು ಶಾಯೀಲಿ ಗುರುತು ಹಾಕವ್ರೆ. ಹುಟ್ಟಿದ ಮೂರನೇ ದಿನಕ್ಕೆ ಮರಣ. ಇದು ಬಾಯಿ ಮಾತಲ್ಲಮ್ಮ. ಸ್ಮಶಾನದ ಕಾವಲಿನವನು ಕೂಸನ್ನ ಕಣ್ಣಾರೆ ಕಂಡು ಚೀಟಿ ಕೊಟ್ರೇನೇ ಕೆಂಪು ಶಾಯಿ ಹಾಕೋದು" ಎಂದವರು ನಶ್ಯದ ಡಬ್ಬಿ ಮುಚ್ಚಿ, "ಸತ್ತೋರಿಗೆ ಟ್ರೇನಿಂಗ್ ಯಾಕಮ್ಮ, ಮನೇಗೋಗು" ಎಂದರು.

ಮಾರ್ಕೆಟ್ಟಿನ ದಾರಿಯಲ್ಲಿ ಅಮ್ಮ ಎದುರಾದಳು. ನಾನು ಅವಳನ್ನು ಕಂಡದ್ದೇ ಗೊಳೋ ಎಂದು ಅತ್ತೆ. ಹೇಳಿದ್ದನ್ನೆಲ್ಲ ಅಮ್ಮ ಬಾಯಿ ಬಿಟ್ಟುಕೊಂಡು ಕೇಳಿದಳು. ಆಮೇಲೆ ಹಣೆ ಚಚ್ಚಿಕೊಂಡು ನಗತೊಡಗಿದಳು. ಬುಟ್ಟಿ ಕೆಳಗಿಟ್ಟು, ಹೊಟ್ಟೆ ಹಿಡಿದುಕೊಂಡು, ದಾರಿಹೋಕರು ತಿರುಗಿ ನೋಡುವ ಹಾಗೆ ನಕ್ಕಳು.

"ಅಯ್ಯೋ ನನ್ ತೌಡಮ್ಮ! ನಿಮ್ಮಪ್ಪನ ಬುದ್ದಿ ನೋಡೇ! ಜವರಾಯಂಗೆ ಗೊತ್ತಾಗ್ಬಾರ್ದು ಅಂತ ಸರ್ಕಾರಕ್ಕೂ ಮಗು ಸತ್ತೋಯ್ತು ಅಂತ ಬರೆಸ್ಬುಟ್ಟವ್ರೆ ಕಣೆ! ಮಾರಿದ ಮೇಲೆ ನಮ್ಮ ಮಗು ಇಲ್ಲ ಅಂತ ತಾನೇ ಶಾಸ್ತ್ರ? ಅಷ್ಟು ಪಕ್ಕಾ ಕೆಲಸ ಮಾಡಿದ್ದಕ್ಕೇ ನೀನು ಉಳ್ಕೊಂಡಿದ್ದು ಬುಡು."

ಅವಳ ನಗು ನನಗೂ ಹತ್ತಿತು. ಅಪ್ಪ ಸುಳ್ಳು ಹೇಳದ ಮನುಷ್ಯ ಎಂದು ಹೆಸರಾಗಿದ್ದವರು. ಮಗಳಿಗಾಗಿ ಅವರೂ ಒಂದು ಸುಳ್ಳು ಹೇಳಿದರಲ್ಲ ಎಂದು ನನಗೆ ಅವರ ಮೇಲೆ ಅಕ್ಕರೆ ಉಕ್ಕಿತು. ಸ್ಮಶಾನದ ಚೀಟಿಯ ಮಾತು ನಗುವಿನಲ್ಲಿ ಕೊಚ್ಚಿಹೋಯಿತು. ಸಂಜೆಯ ಹೊತ್ತಿಗೆ ಇಡೀ ವಠಾರಕ್ಕೆ ಸುದ್ದಿ ಮುಟ್ಟಿ, ನಲ್ಲಿಯ ಹತ್ತಿರ ಕಂಡವರೆಲ್ಲ "ಏನಮ್ಮ, ಸತ್ತೋಳಿಗೆ ನೀರು ಬೇಕಾ?" ಎಂದು ರೇಗಿಸಿದರು. ನಗದೆ ಇದ್ದವಳು ಮರಿಯಕ್ಕ ಒಬ್ಬಳೇ. ಕೊಡ ತುಂಬಿ ಚೆಲ್ಲುತ್ತಿದ್ದರೂ ನಲ್ಲಿ ನಿಲ್ಲಿಸದೆ ನನ್ನನ್ನೇ ನೋಡುತ್ತಾ ನಿಂತಿದ್ದಳು.

ಮಾರನೆಯ ದಿನ ಗುಮಾಸ್ತರು ಅಮ್ಮನ ಕಥೆ ಕೇಳಿ ತಲೆದೂಗಿದರು. ಆ ಕಾಲದಲ್ಲಿ ಏನೇನು ಬರೆದಿದ್ದಾರೋ ದೇವರೇ ಬಲ್ಲ ಎಂದು ದಾರಿ ಹೇಳಿದರು. ಹೆತ್ತವಳು, ಮತ್ತು ಶಾಸ್ತ್ರದಲ್ಲಿ ಮಗುವನ್ನು ಕೊಂಡು ಮರಳಿ ಕೊಟ್ಟವಳು, ಇಬ್ಬರೂ ಸಾಹೇಬರ ಮುಂದೆ ಬಂದು, ಆ ಮಗು ಸತ್ತಿಲ್ಲ, ಇವಳೇ ಆ ಮಗು ಎಂದು ದೇವರ ಮೇಲೆ ಪ್ರಮಾಣ ಮಾಡಬೇಕು. ಮಾಡಿದರೆ ಕೆಂಪು ಶಾಯಿಯ ಗುರುತನ್ನು ಹೊಡೆದುಹಾಕಿ ಪತ್ರ ಕೊಡುತ್ತಾರೆ.

ಅಮ್ಮ ಅವತ್ತೇ ಮರಿಯಕ್ಕನ ಬಾಗಿಲಿಗೆ ಹೋಗಿ ಹೇಳಿದಳು. ಮರಿಯಕ್ಕ "ಆಯ್ತಕ್ಕ" ಎಂದಳು. ಮಾರನೆಯ ದಿನ ಬಂಗಲೆಯಲ್ಲಿ ಕೆಲಸ ಅಂದಳು. ಅದರ ಮಾರನೆಯ ದಿನ ತಲೆನೋವು. ಇನ್ನೊಂದು ದಿನ ಹೋಗಿ ನೋಡಿದರೆ ಬಾಗಿಲಿಗೆ ಬೀಗ. ಗಾಳಿ ಹಗಲೂ ರಾತ್ರಿ ಹೊಡೆಯುತ್ತಿತ್ತು, ಜಿಟಿಜಿಟಿ ಮಳೆಗೆ ಬತ್ತಿ ಒಣಗದೆ ಅಮ್ಮನ ಸಿಡಿಮಿಡಿ ಬೇರೆ. ಅರ್ಜಿಯ ಗಡುವು ಹತ್ತಿರ ಬರುತ್ತಿತ್ತು. ನನಗೆ ಮರಿಯಕ್ಕನ ಮೇಲೆ ಕಡುಕೋಪ. ನಾನು ಹುಟ್ಟಿದಾಗಿನಿಂದ ಪ್ರತಿ ಹಬ್ಬಕ್ಕೂ ರಿಬ್ಬನ್ನು, ಬಳೆ ತಂದುಕೊಟ್ಟವಳು, ಪರೀಕ್ಷೆಯ ದಿನ ಚರ್ಚಿನಲ್ಲಿ ದೇವಮಾತೆಯ ಮುಂದೆ ಮೇಣದ ಬತ್ತಿ ಹಚ್ಚಿಟ್ಟು ಬಂದವಳು, ಈಗ ಬಾಯಿ ಬಿಟ್ಟು ಒಂದು ಮಾತು ಹೇಳಲು ಇಷ್ಟು ಬಿಗುಮಾನವೇ?

ಕೊನೆಗೆ ನಾನೇ ಅವಳ ಹೊಸ್ತಿಲ ಮೇಲೆ ಹೋಗಿ ಕೂತೆ.

"ಮರಿಯಕ್ಕ, ನಿನಗೆ ಇಷ್ಟ ಇಲ್ದಿದ್ರೆ ಬೇಡ ಅನ್ನು. ನಾನೂ ಅಮ್ಮನ ಜೊತೆ ಬತ್ತಿ ಹೊಸೀತಾ ಕೂತ್ಕೋತೀನಿ."

ಅವಳು ಕತ್ತಿನಲ್ಲಿದ್ದ ಜಪಮಾಲೆಯ ಶಿಲುಬೆಯನ್ನು ಹಿಡಿದುಕೊಂಡಿದ್ದಳು. "ನಿಂಗೆ ಆ ಕೆಲಸ ಬೇಕೇ ಬೇಕಾ ಮಗಾ?" ಎಂದಳು.

"ಬೇಕು."

"ಪ್ರಮಾಣ ಮಾಡ್ದೆ ಆಗಲ್ವಂತಾ?"

"ಆಗಲ್ವಂತೆ."

"ಹಂಗಾದ್ರೆ ಬತ್ತೀನಿ ಬುಡು" ಎಂದಳು.

ಶ್ರಾವಣ ಹುಟ್ಟಿದ ಮೇಲೆ ಒಂದು ಸೋಮವಾರ ಮೂವರೂ ಹೋದೆವು. ಅಮ್ಮ ಮದುವೆಗೆ ಹೊರಟವಳ ಹಾಗೆ ರೇಷ್ಮೆಯಂಚಿನ ಸೀರೆ ಉಟ್ಟಿದ್ದಳು. ಮರಿಯಕ್ಕ ಭಾನುವಾರ ಚರ್ಚಿಗೆ ಉಡುವ ಬಿಳಿ ಸೀರೆಯಲ್ಲಿದ್ದಳು. ಸಾಹೇಬರ ಮೇಜಿನ ಮೇಲೆ ಗುಮಾಸ್ತರು ಪುಸ್ತಕ ಬಿಡಿಸಿಟ್ಟರು. ಅಮ್ಮನಿಗೆ ಓದು ಬಾರದು. ಅವಳು ಸಾಹೇಬರು ಕೇಳುವುದಕ್ಕೂ ಕಾಯದೆ ಎದೆ ಮುಟ್ಟಿಕೊಂಡು, "ತಾಯಿ ಚಾಮುಂಡಿ ಆಣೆಗೂ ಇವಳು ನಾನು ಹೆತ್ತ ಮಗಳು ಸ್ವಾಮಿ" ಎಂದಳು. ಅಂಥ ದನಿಯನ್ನು ಯಾವ ಕೋರ್ಟೂ ಸುಳ್ಳೆನ್ನಲಾರದು. ಸಾಹೇಬರು ಮುಗುಳ್ನಕ್ಕು ಬರೆದುಕೊಂಡರು.

ನನ್ನ ಸಾವನ್ನು ನಾನೇ ಒಂದು ಸಲ ನೋಡೋಣವೆಂದು ನಾನು ಪುಸ್ತಕದ ಕಡೆ ಬಾಗಿದೆ. ನಮ್ಮ ಸಾಲು ಸಿಕ್ಕಿತು, ಅಂಚಿನಲ್ಲಿ ಕೆಂಪು ಶಾಯಿ, ಪಕ್ಕದಲ್ಲಿ ಸ್ಮಶಾನದ ಚೀಟಿಯ ಸಂಖ್ಯೆ. ಅದೇ ಹಾಳೆಯಲ್ಲಿ ಕೆಲವು ಸಾಲು ಮೇಲೆ ಅದೇ ವಠಾರದ ವಿಳಾಸ ಕಣ್ಣಿಗೆ ಬಿತ್ತು. ಹೆಣ್ಣು ಮಗು. ತಾಯಿ ಮರಿಯಮ್ಮ. ತಂದೆಯ ಹೆಸರಿನ ಜಾಗದಲ್ಲಿ ಒಂದು ಗೆರೆ. ಅಂಚು ಖಾಲಿ.

ಮೊದಲು ನನಗೇನೂ ಹೊಳೆಯಲಿಲ್ಲ. ಮರಿಯಕ್ಕನ ಕೂಸು ಸತ್ತಿತ್ತಲ್ಲ, ಇಲ್ಲಿ ಯಾಕೆ ಕೆಂಪು ಶಾಯಿ ಇಲ್ಲ? ಮರೆತರೇನೋ ಎಂದುಕೊಂಡೆ. ಆಗ ಗುಮಾಸ್ತರು ಅಂದಿದ್ದ ಮಾತು ನೆನಪಾಯಿತು, ಕೂಸನ್ನು ಕಣ್ಣಾರೆ ಕಂಡರೇನೇ ಚೀಟಿ. ಅಪ್ಪ ಸುಮ್ಮನೆ ಬಾಯಿಯಲ್ಲಿ ಹೇಳಿದ್ದರೆ ಚೀಟಿ ಎಲ್ಲಿಂದ ಬಂತು? ಆ ವಾರ ಯಾರೋ ಒಂದು ಹೆಣ್ಣು ಕೂಸನ್ನು ಹೂಳಲು ತಂದದ್ದನ್ನು ಆ ಕಾವಲಿನವನು ಕಂಡಿದ್ದಾನೆ. ಅದನ್ನು ತಂದವರು ಸುಬ್ಬಣ್ಣ. ಅದು ಸುಬ್ಬಣ್ಣನ ಮಗಳು. ನಮ್ಮ ವಠಾರದಲ್ಲಿ ಉಳಿದ ಕೂಸು ಇನ್ನೊಂದು, ಅಂಚು ಖಾಲಿಯಿದ್ದದ್ದು.

ಮೇಜು, ಪುಸ್ತಕ, ಸಾಹೇಬರ ಪೇಟ ಎಲ್ಲ ದೂರ ದೂರಕ್ಕೆ ಸರಿದವು. ನನ್ನ ಕೈಗಳನ್ನು ನೋಡಿಕೊಂಡೆ. ಯಾರದೋ ಕೈಗಳ ಹಾಗೆ ಕಂಡವು. ತಲೆಯೆತ್ತಿದರೆ ಮರಿಯಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಓದಿದ್ದೇನೆ ಎಂಬುದು ಅವಳಿಗೆ ತಿಳಿದುಹೋಯಿತು. ಅವಳು ತಿಳಿದಳೆಂಬುದು ನನಗೂ ತಿಳಿಯಿತು. ನಡುವೆ ಅಮ್ಮ, ನೆಮ್ಮದಿಯಾಗಿ, ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತಾ ಕೂತಿದ್ದಳು. ಅವಳಿಗೆ ಏನೂ ಗೊತ್ತಿಲ್ಲ. ಅವಳು ಆಡಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ.

"ನೀವು ಹೇಳೀಮ್ಮ" ಎಂದರು ಸಾಹೇಬರು. "ಇವರು ನಿಮ್ಮ ಕೈಗೆ ಕೊಟ್ಟ ಮಗುವನ್ನೇ ಅಲ್ಲವೇ ನೀವು ವಾಪಸ್ಸು ಕೊಟ್ಟಿದ್ದು?"

ಮರಿಯಕ್ಕ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. ಹೊರಗೆ ಮರದಲ್ಲಿ ಕಾಗೆ ಕೂಗುತ್ತಿತ್ತು. ಬೇಡ ಎಂದುಬಿಡಬೇಕೆನಿಸಿತು. ಬೇಡ ಎಂದರೆ ಯಾಕೆಂದು ಅಮ್ಮ ಕೇಳುತ್ತಾಳೆ. ಏನು ಹೇಳಲಿ? ನಿನ್ನ ಮಗು ಮೂರೇ ದಿನ ಬದುಕಿತ್ತು ಎನ್ನಲೇ? ಇಷ್ಟು ವರ್ಷ ಬತ್ತಿ ಹೊಸೆದದ್ದು ಯಾರಿಗೋ ಎನ್ನಲೇ?

ಅಮ್ಮ ಮೊಣಕೈಯಿಂದ ತಿವಿದಳು. "ಹೇಳೇ ಮರಿಯಾ, ಏನ್ ನಾಚ್ಕೆ? ದೊಡ್ಡೋರು ಕಾಯ್ತಾವ್ರೆ."

ಮರಿಯಕ್ಕ ಶಿಲುಬೆಯನ್ನು ಮುಷ್ಟಿಯಲ್ಲಿ ಹಿಡಿದಳು. "ನಮ್ಮ ಕರ್ತನ ಆಣೆಗೂ" ಎಂದಳು. "ಅಕ್ಕ ಕೊಟ್ಟ ಮಗೂನೇ ನಾನು ಮೊರಕ್ಕೆ ಹಾಕಿದ್ದು. ನನ್ನ ಮಗು ತೀರ್ಕೊಂಡ್ತು. ಇವಳು ನನ್ನೋಳಲ್ಲ."

ಸಾಹೇಬರು ಸಹಿ ಹಾಕಿದರು. ಗುಮಾಸ್ತರು ಕೆಂಪು ಶಾಯಿಯ ಮೇಲೆ ಕಪ್ಪು ಗೆರೆ ಎಳೆದರು. ದಾರಿಯಲ್ಲಿ ಅಮ್ಮ ಮೂವರಿಗೂ ಮಲ್ಲಿಗೆ ಕೊಂಡಳು. "ನೀನೂ ಮುಡಿಯೇ ಮರಿಯಾ, ಸತ್ತೋಳ್ನ ಬದುಕಿಸಿದ್ದೀಯಾ" ಎಂದು ತಾನೇ ಅವಳ ತಲೆಗೆ ಮುಡಿಸಿದಳು. ಮರಿಯಕ್ಕನ ಕಣ್ಣಿಂದ ನೀರು ಇಳಿಯಿತು. ಅಮ್ಮ ಅದನ್ನು ಸಂತೋಷದ ನೀರೆಂದುಕೊಂಡಳು.

ನಾನು ತರಬೇತಿಗೆ ಸೇರಿದೆ. ಆ ಮಳೆಗಾಲವಿಡೀ ಪಾಠ ಕಿವಿಗೆ ಬೀಳುತ್ತಿರಲಿಲ್ಲ. ಕನ್ನಡಿಯ ಮುಂದೆ ನಿಂತು ನನ್ನ ಮೂಗು, ಕಿವಿ, ಕೂದಲಿನ ಗುಂಗುರು ನೋಡಿಕೊಳ್ಳುತ್ತಿದ್ದೆ. ಮರಿಯಕ್ಕನ ಕೂದಲೂ ಗುಂಗುರು. ಇದನ್ನು ಇಷ್ಟು ವರ್ಷ ಯಾರೂ ನೋಡಲಿಲ್ಲವೇ? ಅವಳ ಕೋಣೆಯ ಕಡೆ ಹೋಗಲು ಭಯ, ಹೋಗದಿರಲು ಸಂಕಟ. ಅವಳೂ ನನ್ನನ್ನು ಕರೆಯಲಿಲ್ಲ.

ಮಳೆ ನಿಂತು ಬಿಸಿಲು ಬಿದ್ದ ಒಂದು ಭಾನುವಾರ ಧೈರ್ಯ ಮಾಡಿ ಹಳೆಯ ಚರ್ಚಿಗೆ ಹೋಗಿ ಹಿಂದೆ ನಿಂತೆ. ಪೂಜೆಯ ಕೊನೆಯಲ್ಲಿ ಸತ್ಪ್ರಸಾದ ತೆಗೆದುಕೊಳ್ಳಲು ಹೆಂಗಸರೆಲ್ಲ ತಲೆಯ ಮೇಲೆ ಸೆರಗು ಹೊದ್ದು ಮುಂದೆ ಹೋದರು. ಸಾಲು ಸಾಲಾಗಿ ಬೆಂಚುಗಳು ಖಾಲಿಯಾದವು. ಮರಿಯಕ್ಕ ಏಳಲಿಲ್ಲ. ಅಷ್ಟು ದೊಡ್ಡ ಜಾಗದಲ್ಲಿ ಒಬ್ಬಳೇ ತಲೆ ತಗ್ಗಿಸಿ ಕೂತಿದ್ದಳು. ಮರಳಿ ಬರುವವರು ಅವಳನ್ನು ನೋಡಿಕೊಂಡು ಬರುತ್ತಿದ್ದರು. ನನಗೆ ಆ ಧರ್ಮದ ರೀತಿನೀತಿ ಹೆಚ್ಚು ಗೊತ್ತಿರಲಿಲ್ಲ. ಆದರೂ ದೇವರ ಆಣೆಯಿಟ್ಟು ಸುಳ್ಳು ಹೇಳಿದ ಬಾಯಿಗೆ ಆ ಪ್ರಸಾದ ಸಲ್ಲದೆಂದೇ ಅವಳು ಏಳುತ್ತಿಲ್ಲ ಎಂಬುದು ತಿಳಿದುಹೋಯಿತು.

ಅವತ್ತು ಮಧ್ಯಾಹ್ನ ಅವಳ ಕೋಣೆಗೆ ಹೋದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೇಳದೆಯೇ ಹೇಳತೊಡಗಿದಳು.

"ನನ್ನ ತೊಡೆ ಮೇಲೇ ಹೋಯ್ತು ಕಣಮ್ಮ ಅಕ್ಕನ ಕೂಸು. ಹಾಲು ಕೊಟ್ಟೆ, ಕುಡೀಲಿಲ್ಲ. ಅಷ್ಟೊತ್ಗೆ ನಿಮ್ಮಪ್ಪ ಮೊರದಲ್ಲಿ ತೌಡು ತುಂಬ್ಕೊಂಡು ಬಂದು ಬಾಗಿಲಲ್ಲಿ ನಿಂತವ್ರೆ. ಮಗೂನ ನೋಡುದ್ರು. ಆ ತೌಡಿನ ಮೊರ ಹಿಡ್ಕೊಂಡೇ ಕುಸಿದು ಕೂತ್ಬುಟ್ರು. ನಿಮ್ಮನೇಲಿ ಅಕ್ಕ ಜ್ವರದಲ್ಲಿ ಮಗು ತನ್ನಿ, ಮಗು ತನ್ನಿ ಅಂತ ಕೂಗೋದು ಇಲ್ಲಿಗೆ ಕೇಳ್ತಿತ್ತು. ಇನ್ನೊಂದು ಸಲ ಸತ್ತೋಯ್ತು ಅಂದ್ರೆ ಆಕೆ ಉಳೀತಿರ್ಲಿಲ್ಲ. ನನ್ನ ಕೂಸಿನ ಮುಖ ಈ ವಠಾರದಲ್ಲಿ ಯಾರೂ ನೋಡಿರ್ಲಿಲ್ಲ. ಉಗುಳಕ್ಕೆ ಬಂದೋರು ಮುಖ ನೋಡ್ತಾರಾ? ನಾನೇ ಎತ್ತಿ ಮೊರಕ್ಕೆ ಹಾಕ್ದೆ."

"ಅಪ್ಪ ಏನಂದ್ರು?"

"ಬೇಡ ಮರಿಯಮ್ಮ ಅಂದ್ರು. ನಾನು, ಗಂಜಿ ಕೊಟ್ಟ ಕೈಗೆ ಕೊಡ್ತಾ ಇವ್ನಿ, ತಗೊಂಡೋಗಿ ಅಂದೆ. ನನ್ನ ಮಗು ಸತ್ತದ್ದು ಅಂತ್ಲೇ ಸ್ಮಶಾನದಲ್ಲೂ ಹೇಳ್ಬುಡಿ ಅಂದೆ. ಆದ್ರೆ ಅಲ್ಲಿ ಅವರಿಗೆ ನಾಲಿಗೆ ಏಳಲಿಲ್ವಂತೆ. ಬೇರೆಯೋರ ಹೆಸ್ರು ಹೇಳಿ ಹೂತ್ರೆ ಅದಕ್ಕೆ ಅಪ್ಪನೇ ಇಲ್ದಂಗೆ ಆಗೋಯ್ತದೆ ಅಂತ ತನ್ನ ಹೆಸ್ರೇ ಬರೆಸಿದ್ರಂತೆ."

"ನನಗೆ?" ಎಂದೆ. "ನನ್ನ ಅಪ್ಪ ಯಾರು?"

ಅವಳು ಮೊರದಿಂದ ಒಂದು ಕಲ್ಲು ಹೆಕ್ಕಿ ಬಿಸಾಕಿದಳು. "ಸುಬ್ಬಣ್ಣನೋರು. ಇನ್ನೊಂದು ಹೆಸ್ರು ನನ್ನ ಬಾಯಲ್ಲಿ ಬರಲ್ಲ. ಅದನ್ನ ಕೇಳ್ಬೇಡ." ಅವಳು ಸಾಯುವ ತನಕ ಆ ಹೆಸರು ಹೇಳಲಿಲ್ಲ. ಪುಸ್ತಕದಲ್ಲಿ ಗೆರೆ ಗೆರೆಯಾಗಿಯೇ ಉಳಿಯಿತು.

ನಾನು ಅವಳ ಕೈ ಹಿಡಿದುಕೊಂಡೆ. "ಚರ್ಚಿನ ಸ್ವಾಮಿಯೋರ ಹತ್ರ ಪಾಪನಿವೇದನೆ ಮಾಡ್ಕೊ ಮರಿಯಕ್ಕ. ಅವರು ಯಾರಿಗೂ ಹೇಳಲ್ಲ ಅಂತಾರಲ್ಲ. ಆಮೇಲೆ ನೀನೂ ಎಲ್ಲರ ಹಾಗೆ ಮುಂದೆ ಹೋಗ್ಬೋದು."

"ಪಶ್ಚಾತ್ತಾಪ ಪಡಬೇಕು ಕಣಮ್ಮ ಅದಕ್ಕೆ" ಎಂದಳು ಮರಿಯಕ್ಕ. "ತಪ್ಪಾಯ್ತು, ಇನ್ನು ಮಾಡಲ್ಲ ಅನ್ಬೇಕು. ನಾಳೆ ಕರೆದ್ರೂ ನಾನು ಹೋಗಿ ಅದೇ ಹೇಳ್ತೀನಲ್ಲ. ಇನ್ನು ಸ್ವಾಮಿಯೋರ ಹತ್ರ ಏನಂತ ಹೇಳ್ಲಿ?"

ಅವಳು ಕೈ ಬಿಡಿಸಿಕೊಂಡು ಅಕ್ಕಿ ಕೇರತೊಡಗಿದಳು. ಮೊರದ ಅಂಚಿನಿಂದ ತೌಡು ಹಾರಿ ಅವಳ ಕೈಗೂ ನನ್ನ ಕೈಗೂ ಅಂಟಿತು. ಆ ವಾಸನೆಯಲ್ಲಿ ನಾವಿಬ್ಬರೂ ಕೂತಿದ್ದೆವು. ಅಷ್ಟರಲ್ಲಿ ವಠಾರದ ಆ ತುದಿಯಿಂದ ಅಮ್ಮನ ದನಿ ಕೇಳಿಸಿತು.

"ಲೇ ತೌಡಮ್ಮ, ಎಲ್ಲೋದ್ಯೆ? ಅನ್ನ ಆರೋಯ್ತದೆ!"

ಮರಿಯಕ್ಕ ಮೊರ ಕೆಳಗಿಟ್ಟು, ಹೋಗು ಎಂದು ತಲೆಯಲ್ಲೇ ಸನ್ನೆ ಮಾಡಿದಳು.

"ಬಂದೆ ಅಮ್ಮ" ಎಂದೆ. ಮರಿಯಕ್ಕನ ಮುಖ ನೋಡಿಕೊಂಡೇ ಎಂದೆ.